ಅಪ್ಪನ ಹೆಸರಿಗೆ ಆರು ಪ್ರಶ್ನಾರ್ಥಕ ಚಿಹ್ನೆ

ಹೋದ ಶನಿವಾರ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್ ಇಳಿದು ಮಲಪನಗುಡಿಯ ಮನೆ ಮುಟ್ಟಿದಾಗ ತಮ್ಮ ಕಂಪ್ಯೂಟರ್ ಮುಂದೆ ತಲೆ ಹಿಡಿದು ಕೂತಿದ್ದ. ರಾತ್ರಿ ಮಲಗಿಲ್ಲ ಅನ್ನೋದು ಕಣ್ಣಲ್ಲೇ ಕಾಣುತ್ತಿತ್ತು. ಸೋಮವಾರ ಅವನ ಫೈನಲ್ ಇಯರ್ ಪ್ರಾಜೆಕ್ಟ್ ರಿವ್ಯೂ. ಮೊಬೈಲ್ ಆ್ಯಪ್ ತಯಾರಿಸುವ ಟೂಲ್ ಇನ್‌ಸ್ಟಾಲ್ ಆಗುತ್ತಿತ್ತು, ಬಿಲ್ಡ್ ಒತ್ತಿದರೆ ಮಾತ್ರ ಬರೀ ಕೆಂಪು ಅಕ್ಷರ.

"ಐದು ಸಲ ತೆಗೆದು ಹಾಕೀನಿ ಅಕ್ಕಾ. ಆ್ಯಂಟಿವೈರಸ್ ಆಫ್ ಮಾಡಿ ನೋಡೀನಿ. ಇನ್ನ ಹೊಸಪೇಟಿಗೆ ಒಯ್ದು ಫಾರ್ಮ್ಯಾಟ್ ಹೊಡಸೋದೊಂದೇ ದಾರಿ."

"ಎರರ್ ಏನಂತ ಬಂದೈತಿ?"

"ಅದನ್ನ ಯಾರು ಓದ್ತಾರ? ಇನ್ನೂರು ಸಾಲು ಐತಿ."

ನಾವೆಲ್ಲ ಎಡವುವುದು ಇಲ್ಲೇ. ಎರರ್ ಎಷ್ಟೇ ಉದ್ದ ಇರಲಿ, ಹೆಚ್ಚಿನ ಸಾಲುಗಳು ಹಿಂದಿನ ಸಾಲಿನ ಬಾಲ. ಮೇಲಿಂದ ಓದುತ್ತಾ ಬಂದು ಮೊದಲು ಎಲ್ಲಿ "ಫೇಲ್ಡ್" ಅಥವಾ "ನಾಟ್ ಫೌಂಡ್" ಅಂತ ಸಿಗುತ್ತದೋ ಅಲ್ಲಿ ನಿಲ್ಲಬೇಕು. ನಾವೂ ಹಾಗೇ ಓದಿದೆವು. ಸಿ ಡ್ರೈವ್, ಅದರೊಳಗೆ ಯೂಸರ್ಸ್ ಫೋಲ್ಡರ್, ಅದರೊಳಗೆ ಆರು ಪ್ರಶ್ನಾರ್ಥಕ ಚಿಹ್ನೆ. ಇಂಥ ಫೋಲ್ಡರ್ ಸಿಗುತ್ತಿಲ್ಲ ಅಂತ ದೂರು.

ಸಿಗುವುದಾದರೂ ಹೇಗೆ? ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಬಿಡುವುದೇ ಇಲ್ಲ.

ಯೂಸರ್ಸ್ ಫೋಲ್ಡರ್ ತೆರೆದು ನೋಡಿದೆ. ಅಲ್ಲಿ ಇದ್ದದ್ದು "ಬಸವರಾಜ". ನಮ್ಮಪ್ಪನ ಹೆಸರು, ಕನ್ನಡದಲ್ಲಿ.

ಕಂಪ್ಯೂಟರ್ ಮನೆಗೆ ಬಂದ ದಿನ ತಮ್ಮ ಅಕೌಂಟ್ ಮಾಡುವಾಗ ಕನ್ನಡ ಕೀಬೋರ್ಡ್ ಹಾಕಿ, "ಅಪ್ಪಾ, ನೀನ ಬರಿ" ಅಂದಿದ್ದನಂತೆ. ಅಪ್ಪ ಒಂದೊಂದೇ ಕೀಲಿ ಹುಡುಕಿ ಒತ್ತಿದ್ದ. ಆತ ಕಂಪ್ಯೂಟರಿನಲ್ಲಿ ಬರೆದ ಮೊದಲ ಪದ ಅದು.

"ಹಂಗಾರ ಇದನ್ನ ಡಿಲೀಟ್ ಮಾಡಾಣ," ಅಂದ ತಮ್ಮ. ಕಟ್ಟೆ ಮೇಲೆ ಚಹಾ ಕುಡಿಯುತ್ತಿದ್ದ ಅಪ್ಪ ಒಳಗೆ ಬಂದ. "ಕನ್ನಡದಾಗ ಬರದಿದ್ದಕ್ಕ ಕೆಟ್ಟೈತೇನವ್ವಾ?"

ಆ ಪ್ರಶ್ನೆಗೆ ಬರೀ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದೆ.

ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ನಂಬರಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಸ್ಥಾನ. ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೇ ಅದು ತುಂಬಿಹೋಯಿತು. ಕನ್ನಡಕ್ಕೆ ಜಾಗ ಸಿಕ್ಕಿದ್ದು ಯುನಿಕೋಡ್‌ನಲ್ಲಿ. ವಿಂಡೋಸ್‌ಗೆ ಯುನಿಕೋಡ್ ಚೆನ್ನಾಗಿ ಗೊತ್ತು, ಅದಕ್ಕೇ ಲಾಗಿನ್ ಸ್ಕ್ರೀನ್ ಮೇಲೆ ಅಪ್ಪನ ಹೆಸರು ಸರಿಯಾಗಿ ಕಾಣುತ್ತದೆ. ಆದರೆ ಡೆವಲಪರ್ ಟೂಲ್‌ಗಳ ಹೊಟ್ಟೆಯಲ್ಲಿ ಹಳೇ ಕಾಲದ ಸಣ್ಣಪುಟ್ಟ ಪ್ರೋಗ್ರಾಂಗಳು ಇರುತ್ತವೆ. ಅವು ಕೇಳುವುದು "ಕೋಡ್ ಪೇಜ್" ಅನ್ನುವ ಹಳೆಯ ಪಟ್ಟಿಯನ್ನು. ಜಪಾನಿ, ಚೀನಿ, ಅರಬ್ಬಿ ಭಾಷೆಗಳಿಗೆ ವಿಂಡೋಸ್‌ನಲ್ಲಿ ಅಂಥ ಪಟ್ಟಿ ಇದೆ. ಕನ್ನಡಕ್ಕೆ ಇಲ್ಲ. ಹಿಂದಿ, ತೆಲುಗು, ತಮಿಳಿಗೂ ಇಲ್ಲ. ಪಟ್ಟಿಯಲ್ಲಿಲ್ಲದ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ.

ಅಪ್ಪ ಬೆರಳು ಮಡಚಿ ಎಣಿಸಿದ. "ನನ್ನ ಹೆಸರಾಗ ಐದ ಅಕ್ಷರ ಅದಾವು. ಇಲ್ಲಿ ಆರು ಯಾಕ?"

ಒಳ್ಳೇ ಪ್ರಶ್ನೆ! "ರಾ" ನಮಗೆ ಒಂದು ಅಕ್ಷರ. ಯುನಿಕೋಡ್‌ನಲ್ಲಿ "ರ" ಒಂದು ನಂಬರ್, ದೀರ್ಘ ಇನ್ನೊಂದು ನಂಬರ್.

"ಹಂಗಾರ ತಪ್ಪು ನನ್ನ ಹೆಸರಿಂದಲ್ಲ," ಅಂದ ಅಪ್ಪ. ಅಲ್ಲ ಅಪ್ಪಾ ಅಂದೆ. ಇನ್ನು ರಿಪೇರಿ.

ಮೊದಲ ಎಚ್ಚರಿಕೆ: ಯೂಸರ್ಸ್ ಒಳಗಿನ ಫೋಲ್ಡರ್ ಹೆಸರನ್ನು ನೇರವಾಗಿ ಬದಲಿಸಬೇಡಿ. ಇನ್‌ಸ್ಟಾಲ್ ಆದ ಎಷ್ಟೋ ಪ್ರೋಗ್ರಾಂಗಳು ಹಳೇ ದಾರಿಯನ್ನೇ ನೆನಪಿಟ್ಟುಕೊಂಡಿರುತ್ತವೆ. ಒಂದು ಕೆಟ್ಟಿದ್ದು ಹತ್ತು ಕೆಡುತ್ತದೆ.

ಅರ್ಜೆಂಟ್ ಇದ್ದರೆ ಸಿ ಡ್ರೈವ್‌ನಲ್ಲೇ ಇಂಗ್ಲಿಷ್ ಹೆಸರಿನ, ಸ್ಪೇಸ್ ಇಲ್ಲದ ಒಂದು ಫೋಲ್ಡರ್ ಮಾಡಿ ಪ್ರಾಜೆಕ್ಟನ್ನೂ ಟೂಲ್‌ಗಳನ್ನೂ ಅಲ್ಲಿಡಿ. ಟೆಂಪ್ ಫೋಲ್ಡರ್ ಕೂಡ ಯೂಸರ್ ಫೋಲ್ಡರ್ ಒಳಗೇ ಇರುತ್ತದೆ. ಎನ್ವಿರಾನ್ಮೆಂಟ್ ವೇರಿಯೇಬಲ್ಸ್‌ಗೆ ಹೋಗಿ ಟೆಂಪ್, ಟಿಎಂಪಿ ಎರಡನ್ನೂ ಬೇರೆ ಕಡೆಗೆ ತಿರುಗಿಸಿ. ಬಹಳ ಜನ ಮರೆಯೋದು ಇದನ್ನೇ.

ಕಾಯಂ ಪರಿಹಾರ ಬೇಕಿದ್ದರೆ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಸ ಲೋಕಲ್ ಅಕೌಂಟ್ ಮಾಡಿ, ಒಮ್ಮೆ ಲಾಗಿನ್ ಆಗಿ. ಆಗ ಅದೇ ಇಂಗ್ಲಿಷ್ ಹೆಸರಲ್ಲಿ ಫೋಲ್ಡರ್ ಹುಟ್ಟುತ್ತದೆ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ಗೆ ಹೋಗಿ ಅಕೌಂಟ್ ಹೆಸರನ್ನು ಕನ್ನಡಕ್ಕೆ ಬದಲಿಸಿ. ಸ್ಕ್ರೀನ್ ಮೇಲೆ ಕನ್ನಡ ಬರುತ್ತದೆ, ಫೋಲ್ಡರ್ ಇಂಗ್ಲಿಷಲ್ಲೇ ಉಳಿಯುತ್ತದೆ. ಹಳೇ ಅಕೌಂಟಿನ ಫೋಟೊ, ಫೈಲುಗಳನ್ನು ಕಾಪಿ ಮಾಡಿಕೊಂಡ ಮೇಲೆ ಟೂಲ್ ಇನ್‌ಸ್ಟಾಲ್ ಮಾಡಿ. ತೆರೆದಿದ್ದ ಟರ್ಮಿನಲ್ ಮುಚ್ಚಿ ಹೊಸದು ತೆರೆಯಿರಿ, ಹಳೇ ವಿಂಡೋಗೆ ಹೊಸ ಪಾತ್ ಗೊತ್ತಿರುವುದಿಲ್ಲ.

ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಎಲ್ಲಕ್ಕೂ ಯುಟಿಎಫ್-8 ಬಳಸುವ ಒಂದು ಟಿಕ್ ಕೂಡ ಇದೆ. ಅದಕ್ಕೆ ಬೀಟಾ ಅಂತಲೇ ಬರೆದಿದ್ದಾರೆ. ಬೇರೆ ಹಳೇ ಪ್ರೋಗ್ರಾಂಗಳು ಅದರಿಂದ ಎಡವಟ್ಟಾಗಬಹುದು, ನಾನು ಮುಟ್ಟಲಿಲ್ಲ.

ಎರಡು ಹೆಸರಿನ ಈ ಲೆಕ್ಕ ತಮ್ಮನಿಗಿಂತ ಬೇಗ ಅಪ್ಪನಿಗೇ ಹತ್ತಿತು. "ಪಹಣ್ಯಾಗ ಒಂದು ಹೆಸರು, ಓಣ್ಯಾಗ ಒಂದು ಹೆಸರು. ನಮ್ಮೂರಾಗ ಎಲ್ಲಾರ್ದೂ ಹಂಗ ಅಲ್ಲೇನು?" ಅಂದ. ನಾನು ಅರ್ಧ ಗಂಟೆ ಹೇಳಿದ್ದನ್ನು ಒಂದೇ ಮಾತಲ್ಲಿ ಮುಗಿಸಿಬಿಟ್ಟ.

ಸಂಜೆ ಏಳಕ್ಕೆ ಬಿಲ್ಡ್ ಆಯಿತು. ತಮ್ಮ ಕೂತಲ್ಲೇ ಕಣ್ಣು ಮುಚ್ಚಿದ. ಅಕೌಂಟಿನ ಹೆಸರು ಬದಲಿಸುವುದೊಂದು ಬಾಕಿ ಇತ್ತು, ಕೀಬೋರ್ಡ್ ಅಪ್ಪನ ಮುಂದೆ ಸರಿಸಿದೆ. ಕನ್ನಡಕ ಹಾಕಿಕೊಂಡು, ಮತ್ತೆ ಒಂದೊಂದೇ ಕೀಲಿ ಹುಡುಕಿ, ಆತ ತನ್ನ ಹೆಸರು ಬರೆದ.

ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಹೀಗೇ ಹಟ ಹಿಡಿದಿದ್ದರೆ, ಫಾರ್ಮ್ಯಾಟ್‌ಗೆ ದುಡ್ಡು ಕೊಡುವ ಮೊದಲು ಆ ಕೆಂಪು ಸಾಲುಗಳನ್ನು ಒಮ್ಮೆ ಓದಿ. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ, ಅಲ್ಲಿ ನಿಮ್ಮವರದೇ ಯಾರದೋ ಹೆಸರಿರಬಹುದು.