ಕೀಟನಾಶಕ ತಡೆಯುವ ಇದ್ದಿಲಿಗೂ ಅವಧಿಯುಂಟು
ನಾಗಮಂಗಲ ತಾಲ್ಲೂಕಿನ ದೇವಲಾಪುರದಂತಹ, ಕೃಷಿಯನ್ನೇ ನೆಚ್ಚಿದ ಹೋಬಳಿಗಳಲ್ಲಿ ಹೊಲಕ್ಕೆ ಸಿಂಪಡಿಸಿದ ಕೀಟನಾಶಕವು ಮಳೆನೀರಿನೊಡನೆ ಕೆರೆ, ಬಾವಿಗಳನ್ನು ಸೇರುವ ಅಪಾಯವಿದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಈ ವಿಷ ಹೋಗುವ ಖಾತರಿಯಿಲ್ಲ.

ತೆಂಗಿನ ಚಿಪ್ಪಿನಿಂದ ತಯಾರಾಗುವ ಸಕ್ರಿಯ ಇದ್ದಿಲು ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಅದನ್ನು ಹಿಡಿದಿಡುತ್ತದೆ; ಒಲೆಯ ಇದ್ದಿಲಿಗೆ ಆ ಸಾಮರ್ಥ್ಯ ಕಡಿಮೆ. ಆದರೆ ರಂಧ್ರಗಳು ಭರ್ತಿಯಾದ ಬಳಿಕ ವಿಷವು ನೀರಿನೊಡನೆಯೇ ಸಾಗುತ್ತದೆ. ರುಚಿ, ಬಣ್ಣಗಳಿಂದ ಅದು ತಿಳಿಯದು. ಟಿಡಿಎಸ್ ಮಾಪಕವೂ ಹೇಳದು. 2012ರ ಭಾರತೀಯ ಮಾನಕದಲ್ಲಿ ಕ್ಲೋರ್‌ಪೈರಿಫಾಸ್‌ಗೆ ಇರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಪ್ರಯೋಗಾಲಯವೇ ಪತ್ತೆಹಚ್ಚಬೇಕು.

ಆದ್ದರಿಂದ ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಉದ್ಘಾಟಿಸಿದರಷ್ಟೇ ಸಾಲದು. ಇದ್ದಿಲು ಬದಲಿಸಿದ ದಿನಾಂಕ ಹಾಗೂ ಕೀಟನಾಶಕ ಪರೀಕ್ಷೆಯ ವರದಿಯನ್ನು ಘಟಕದ ಗೋಡೆಯ ಮೇಲೆ ಪ್ರಕಟಿಸುವುದು ಕಡ್ಡಾಯವಾಗಬೇಕು.