ನೋಹನ ಬಾಯಿಗೆ ಬಣ್ಣ ತುರುಕಿದವರು

ಆದಿಕಾಂಡದ 9ನೇ ಅಧ್ಯಾಯ ತೆಗೆಯಿರಿ. ಜಲಪ್ರಳಯ ಇಳಿದ ಮೇಲೆ ನೋಹ ದ್ರಾಕ್ಷಿ ತೋಟ ಹಾಕುತ್ತಾನೆ, ಕುಡಿಯುತ್ತಾನೆ, ಅಮಲೇರಿ ಗುಡಾರದಲ್ಲಿ ಬೆತ್ತಲೆ ಬೀಳುತ್ತಾನೆ. ಮಗ ಹಾಮ ಅದನ್ನು ನೋಡಿ ಹೊರಗೆ ಬಂದು ಅಣ್ಣತಮ್ಮಂದಿರಿಗೆ ಹೇಳುತ್ತಾನೆ. ಅಮಲಿಳಿದ ಮುದುಕ ಶಾಪ ಹಾಕುತ್ತಾನೆ. ಅದೂ ನೋಡಿದ ಹಾಮನಿಗಲ್ಲ, ಅವನ ಮಗ ಕಾನಾನನಿಗೆ. ಅವನ ಸಂತತಿ ಅಣ್ಣತಮ್ಮಂದಿರ ಕಾಲಡಿ ದುಡಿಯಲಿ ಎಂದು. ಅಷ್ಟೇ ಕಥೆ. ಅದರಲ್ಲಿ ಯಾರ ಚರ್ಮದ ಸುದ್ದಿಯೂ ಇಲ್ಲ. ಹಾಮನಿಗೆ ಇನ್ನೊಬ್ಬ ಮಗನಿದ್ದ, ಕೂಷ್. ಈಜಿಪ್ಟಿನ ತೆಂಕಣದ ಕಪ್ಪುಜನರ ನಾಡಿಗೆ ಬೈಬಲು ಕೊಡುವ ಹೆಸರು ಅವನದೇ. ಆ ಕೂಷನ ಮೇಲೆ ಶಾಪದ ಒಂದು ಹನಿಯೂ ಬಿದ್ದಿಲ್ಲ.

ಬಿದ್ದಿರದ ಶಾಪವನ್ನು ಬೀಳಿಸಿದವರು ಬಿಳಿಯ ಒಡೆಯರು. 1843ರಲ್ಲಿ ಅಮೆರಿಕದ ಜೋಸಾಯ ಪ್ರೀಸ್ಟ್ ಎಂಬಾತ ಕರಿಯರ ಗುಲಾಮಗಿರಿ ದೇವರ ಏರ್ಪಾಡು ಎಂದು ಸಾಧಿಸಲು ಪುಸ್ತಕವನ್ನೇ ಬರೆದ. 1861ರ ಮಾರ್ಚಿನಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲೆಂದೇ ಒಡೆದುಹೋದ ದಕ್ಷಿಣ ರಾಜ್ಯಗಳ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸವಾನಾದಲ್ಲಿ ಭಾಷಣಕ್ಕೆ ನಿಂತು ಕಾನಾನನ ಶಾಪವನ್ನೇ ಎಳೆದು ತಂದ. ಒಬ್ಬ ಕುಡುಕ ತಂದೆಯ ಸಿಟ್ಟಿನ ಮೇಲೆ ಒಂದು ಸರ್ಕಾರ! ಹುಟ್ಟಿದ್ದೇ ಆಳಾಗುವುದಕ್ಕೆ ಎಂಬ ಪುರಾಣ ಕಟ್ಟುವವರು ನಮ್ಮಲ್ಲೂ ಇದ್ದರು, ಅವರ ವಂಶಸ್ಥರು ಈಗಲೂ ಇದ್ದಾರೆ. ಹಾಗಾಗಿ ಈ ಕಸುಬಿನ ವಾಸನೆ ನಮಗೆ ದೂರದಿಂದಲೇ ಹೊಡೆಯುತ್ತದೆ.

ಶಾಪ ಸಾಲದೆಂದು ಅದಕ್ಕೂ ಮೊದಲೇ ಕತ್ತರಿಯನ್ನೂ ಹಿಡಿದಿದ್ದರು. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ಗುಲಾಮರಿಗಾಗಿಯೇ ಒಂದು ಬೈಬಲು ಅಚ್ಚಾಯಿತು. ಹಳೆಯ ಒಡಂಬಡಿಕೆಯ ಬಹುಪಾಲು ಅದರಲ್ಲಿಲ್ಲ. ಮೋಶೆ ಗುಲಾಮ ಜನವನ್ನು ಈಜಿಪ್ಟಿನಿಂದ ಬಿಡಿಸಿಕೊಂಡು ಹೋದ ಕಥೆಯೇ ಮಾಯ. ಯೋಸೇಫ ಗುಲಾಮನಾಗಿ ಮಾರಾಟವಾದ ಕಥೆ ಮಾತ್ರ ಭದ್ರವಾಗಿ ಉಳಿದಿತ್ತು.

ಆಮೇಲೆ ಚಿತ್ರಗಳ ಕಾಲ. 1940ರಲ್ಲಿ ಶಿಕಾಗೋದ ಜಾಹೀರಾತು ಕಲಾವಿದ ವಾರ್ನರ್ ಸಾಲ್ಮನ್ ಯೇಸುವಿನ ಮುಖ ಬರೆದ. ಜೇನುಬಣ್ಣದ ನೀಳ ಕೂದಲು, ಬಿಸಿಲೇ ಕಾಣದ ಕೆನ್ನೆ. ನಜರೇತಿನ ಬಡಗಿಯ ಮನೆಯ ಯೆಹೂದಿ ಹುಡುಗನಿಗೆ ಆ ಕೆನ್ನೆ ಎಲ್ಲಿಂದ ಬಂತೋ! ಅದರ ಐವತ್ತು ಕೋಟಿಗೂ ಹೆಚ್ಚು ಪ್ರತಿಗಳು ಲೋಕ ಸುತ್ತಿದವು. ಅಂಥದೇ ಮುಖಗಳು ನಮ್ಮ ಕ್ಯಾಲೆಂಡರಿಗೂ ಬಂದು, ಹೊಲದಲ್ಲಿ ಮೈ ಸುಟ್ಟುಕೊಂಡ ದಲಿತ ಕ್ರೈಸ್ತರ ಗೋಡೆಗೂ ಏರಿದವು. ಜರ್ಮನಿಯಲ್ಲಿ ಇನ್ನೂ ಹೇಸಿಗೆಯ ಕೆಲಸ ನಡೆದಿತ್ತು. 1939ರಲ್ಲಿ ಐಸೆನಾಖ್‌ನಲ್ಲಿ ದೇವಶಾಸ್ತ್ರದ ಪಂಡಿತರು ಸಂಸ್ಥೆಯೊಂದನ್ನೇ ತೆರೆದು ಯೇಸುವಿನಿಂದ ಯೆಹೂದಿತನ ಕೀಳಲು ಕೂತರು. ಅದರ ಮುಂದಾಳು ವಾಲ್ಟರ್ ಗ್ರುಂಡ್‌ಮನ್ ಯುದ್ಧ ಮುಗಿದ ಮೇಲೂ ಚರ್ಚಿನ ಆಸರೆಯಲ್ಲಿ ಪಾಠ ಹೇಳಿಕೊಂಡು ಹಾಯಾಗಿದ್ದ. ಇದೆಲ್ಲ ಹಳೇ ಕಾಲದ್ದು ಎನ್ನುತ್ತೀರಾ? 2014ರಲ್ಲಿ ರಿಡ್ಲಿ ಸ್ಕಾಟ್ ಸಿನಿಮಾಕ್ಕೆ ಬ್ರಿಟನ್ನಿನ ಕ್ರಿಶ್ಚಿಯನ್ ಬೇಲ್ ಮೋಶೆಯಾದ, ಆಸ್ಟ್ರೇಲಿಯಾದ ಜೋಯೆಲ್ ಎಡ್ಗರ್ಟನ್ ಫರೋಹನಾದ. ಅರಬ್ ಹೆಸರಿನ ನಟನನ್ನು ಹಾಕಿದರೆ ದುಡ್ಡು ಹುಟ್ಟುವುದಿಲ್ಲ ಎಂದು ನಿರ್ದೇಶಕ ನಾಚಿಕೆಯಿಲ್ಲದೆ ಹೇಳಿಕೊಂಡ.

ಬೈಬಲು ಕಪ್ಪುಜನರ ಬಗ್ಗೆ ಹೇಳಿದ್ದು ಬೇರೆಯೇ. ಮೋಶೆ ಕೂಷಿನ ಹೆಣ್ಣನ್ನು ಮದುವೆಯಾದನೆಂದು ಅಕ್ಕ ಮಿರ್ಯಾಮಳು ಗೊಣಗಿದಳು. ತೊನ್ನು ಹತ್ತಿ ಮೈ ಹಿಮದಂತೆ ಬೆಳ್ಳಗಾದದ್ದು ಅವಳದು, ತಮ್ಮನ ಹೆಂಡತಿಯದಲ್ಲ. ಯೆರೆಮೀಯನ 38ನೇ ಅಧ್ಯಾಯವನ್ನೂ ನೋಡಿ. ಅಧಿಕಾರಿಗಳು ಪ್ರವಾದಿಯನ್ನು ಬಾವಿಗೆ ಇಳಿಸಿ ಕೆಸರಲ್ಲಿ ಹೂತುಹೋಗಲು ಬಿಟ್ಟಿದ್ದಾರೆ. ಊರಿನ ಒಬ್ಬನೂ ತುಟಿ ಬಿಚ್ಚುವುದಿಲ್ಲ. ಅರಸನ ಮುಂದೆ ಹೋಗಿ ಇದು ಅನ್ಯಾಯ ಎಂದವನು ಕೂಷಿನ ಎಬೆದ್ಮೆಲೆಕ, ಅರಮನೆಯ ಕಪ್ಪು ಆಳು. ಅಪ್ಪಣೆ ಸಿಕ್ಕಿದ ಮೇಲೆ ಬರೀ ಹಗ್ಗ ಹಿಡಿದು ಓಡಲಿಲ್ಲ. ಉಗ್ರಾಣದಲ್ಲಿ ಹರಕು ಬಟ್ಟೆ ಹುಡುಕಿ ಬಾವಿಗೆ ಇಳಿಬಿಟ್ಟ. ಹಗ್ಗ ಒತ್ತದಂತೆ ಕಂಕುಳಿಗೆ ಇಟ್ಟುಕೋ ಎಂದು ಕೂಗಿ ಹೇಳಿದ.

ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಇದನ್ನು ಓದಿರಲಿಲ್ಲವೇ? ಓದಿದ್ದರು. ಓದಿಯೂ, ಗುಲಾಮರ ಒಡೆಯ ಮಿಷನರಿಯಾಗಬಹುದೇ ಎಂಬ ಜಗಳದಲ್ಲಿ ಆಗಬಹುದು ಎಂದು ಪಟ್ಟು ಹಿಡಿದು 1845ರಲ್ಲಿ ಬೇರೆ ಮನೆ ಹೂಡಿದರು. ತಪ್ಪಾಯಿತು ಎಂದದ್ದು 1995ರಲ್ಲಿ. ಅಷ್ಟರಲ್ಲಿ ಆ ಗುಲಾಮರೆಲ್ಲ ಮಣ್ಣಾಗಿದ್ದರು.