ಚಟ ಬಿಟ್ಟ ಮೇಲೂ ಆರದ ಕಾವು

ಕೆಟ್ಟ ಅಭ್ಯಾಸವೊಂದನ್ನು ಬಿಟ್ಟು ದಿನ ಕಳೆದಂತೆ ಅದರ ಸೆಳೆತ ತಾನಾಗಿಯೇ ಇಳಿಯುತ್ತದೆ ಎಂದು ನಾವೆಲ್ಲ ತಿಳಿದಿದ್ದೇವೆ. ಮೋಜಿಗೆಂದು ಸೇವಿಸುವ ಮಾದಕವಸ್ತುಗಳ ವಿಷಯದಲ್ಲಿ ಈ ಎಣಿಕೆ ತಪ್ಪಬಹುದು. ಅದನ್ನು ತೋರಿಸಿಕೊಟ್ಟದ್ದು ಇಲಿಗಳು.

ಮನುಷ್ಯರಿಗೆ ಚಟ ಹತ್ತಿಸಿ ಪರೀಕ್ಷಿಸುವಂತಿಲ್ಲವಷ್ಟೆ. ಆದ್ದರಿಂದ ವಿಜ್ಞಾನಿಗಳು ಇಲಿಗಳನ್ನು ಬಳಸುತ್ತಾರೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಯಾವಿನ್ ಶಹಾಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಂಜರದ ಸನ್ನೆಕೋಲನ್ನು ಇಲಿ ಒತ್ತಿದರೆ ದೀಪ ಹತ್ತಿ, ಸದ್ದಾಗಿ, ನಳಿಕೆಯ ಮೂಲಕ ಸ್ವಲ್ಪ ಕೊಕೇನ್ ರಕ್ತಕ್ಕೆ ಸೇರುತ್ತಿತ್ತು. ದಿನಕ್ಕೆ 6 ಗಂಟೆಯಂತೆ 10 ದಿನ ಹೀಗೆ ನಡೆಯಿತು. ಆಮೇಲೆ ಕೊಕೇನ್ ಪೂರ್ತಿ ಬಂದ್. ಕೆಲವು ಇಲಿಗಳನ್ನು ಮಾರನೆಯ ದಿನ, ಕೆಲವನ್ನು ವಾರದ ನಂತರ, ಮತ್ತೆ ಕೆಲವನ್ನು 60 ದಿನಗಳ ನಂತರ ಸನ್ನೆಕೋಲಿನ ಬಳಿ ಬಿಟ್ಟು ನೋಡಿದರು. ಈಗ ಎಷ್ಟು ಒತ್ತಿದರೂ ಕೊಕೇನ್ ಬರುವುದಿಲ್ಲ. ಆದರೂ ಹೆಚ್ಚು ದಿನ ಬಿಟ್ಟಿದ್ದ ಇಲಿಗಳೇ ಹೆಚ್ಚು ಸಲ ಒತ್ತಿದವು! ಕೋಳಿ ಮೊಟ್ಟೆಗೆ ಕಾವು ಕೊಡುವಾಗ ಹೊರಗೆ ಏನೂ ಕಾಣದಿದ್ದರೂ ಒಳಗೆ ಮರಿ ಬೆಳೆಯುತ್ತಿರುತ್ತದೆ. ವಿಜ್ಞಾನಿಗಳು ಈ ಸೆಳೆತಕ್ಕೂ ‘ಕಾವು’ ಎಂದೇ ಹೆಸರಿಟ್ಟರು.

ಇಲಿಯ ಮಾತು ಮನುಷ್ಯನಿಗೆ ಹೊಂದುತ್ತದೆಯೇ? 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಕೇನ್ ಬಿಟ್ಟವರಿಗೆ ಅದರ ಚಿತ್ರ ತೋರಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದರು. ಹೆಚ್ಚು ದಿನ ಬಿಟ್ಟವರು ‘ಆಸೆ ಕಡಿಮೆಯಾಗಿದೆ’ ಎಂದರು. ಆದರೆ ಮಿದುಳಿನ ಸ್ಪಂದನ ಒಂದರಿಂದ ಆರು ತಿಂಗಳ ಅವಧಿಯಲ್ಲಿ ಹೆಚ್ಚಾಗಿಯೇ ಇತ್ತು. ವರ್ಷದ ಹೊತ್ತಿಗೆ ಇಳಿದಿತ್ತು. ಬೂದಿ ಮುಚ್ಚಿದ ಕೆಂಡವೆಂದರೆ ಇದೇ.

ಇನ್ನೊಂದು ಸಂಗತಿಯೂ ಇದೆ. 2018ರಲ್ಲಿ ಮಾರ್ಕೊ ವೆನ್ನಿರೊ, ಶಹಾಮ್ ಮತ್ತಿತರರು ಇಲಿಗಳ ಮುಂದೆ ಎರಡು ಸನ್ನೆಕೋಲುಗಳನ್ನಿಟ್ಟರು. ಒಂದನ್ನು ಒತ್ತಿದರೆ ಮಾದಕವಸ್ತು. ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಜೊತೆಗಾರ ಇಲಿಯ ಭೇಟಿ. ಚಟ ಹತ್ತಿದ್ದ ಇಲಿಗಳು ಕೂಡ ಹೆಚ್ಚುಕಡಿಮೆ ಯಾವಾಗಲೂ ಜೊತೆಗಾರನನ್ನೇ ಆರಿಸಿಕೊಂಡವು. ಹೀಗೆ ಜೊತೆಗಾರನಿಗಾಗಿ ಮೆಥಾಂಫೆಟಮೈನ್ ಬಿಟ್ಟ ಇಲಿಗಳಲ್ಲಿ ಆ ಕಾವು ಏರಲೇ ಇಲ್ಲ. ಆದರೆ ಜೊತೆಗಾರ ಬರುವುದು ತೀರ ತಡವಾದಾಗ ಇಲಿಗಳು ಮಾದಕವಸ್ತುವಿನತ್ತ ತಿರುಗಿದವು.

ತಂದೆತಾಯಂದಿರೇ, ಮಗ ಒಂದು ತಿಂಗಳಿಂದ ಮುಟ್ಟಿಲ್ಲವೆಂದು ಚಿಕಿತ್ಸೆ ನಿಲ್ಲಿಸಬೇಡಿ. ನಾಚಿಕೆಯಿಂದ ಅವನನ್ನು ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಲೂ ಬೇಡಿ. ವಿದ್ಯಾರ್ಥಿಗಳೇ, ಮೊದಲ ಮಾತು ಮುಟ್ಟದಿರುವುದು. ಎರಡನೆಯದು, ಚಟ ಬಿಟ್ಟು ತರಗತಿಗೆ ಮರಳಿದ ಗೆಳೆಯನನ್ನು ದೂರವಿಡದೆ ಸಂಜೆ ಆಟಕ್ಕೆ ಕರೆಯುವುದು. ವೈದ್ಯರ ಔಷಧಿಯ ಜೊತೆಗೆ ಅವನಿಗೆ ಅದೂ ಬೇಕು.